ಧಾರವಾಡದ ಮುಸ್ಯಾಗಳು ಜಗತ್ತಿಗೆ ಹೇಳಿದ ಕತಿ

1/11
ಈ ವಾರದ ಸರಣಿ ಯಾವ ರಾಜನ ಬಗ್ಗೆಯೂ ಅಲ್ಲ, ಕೋಟೆಯ ಬಗ್ಗೆಯೂ ಅಲ್ಲ. ದಿನಾ ಬೆಳಗ್ಗೆ ನಿಮ್ಮ ಮಾಳಿಗಿ ಮ್ಯಾಲ ಧಡ್ ಧಡ್ ಅಂತ ಓಡಾಡೋರ ಬಗ್ಗೆ.

ನಮ್ಮ ಕಡೆ ಸಣ್ಣ ಹುಡುಗರಿಗೂ ವ್ಯತ್ಯಾಸ ಗೊತ್ತು. ಕೆಂಪು ಮಾರಿದು ಮಂಗ್ಯಾ. ಕರಿ ಮಾರಿ, ಬೂದಿ ಬಣ್ಣದ ಮೈ, ಮಾರುದ್ದ ಬಾಲ ಇರೋದು ಮುಸ್ಯಾ. ಇಂಗ್ಲಿಷಿನಾಗ ಹನುಮಾನ್ ಲಂಗೂರ್. ಹನುಮಪ್ಪನ ಗುಡಿ ಇಲ್ಲದ ಊರು ನಮ್ಮ ಕಡೆ ಸಿಗೋದು ಕಷ್ಟ, ಹಂಗಾಗಿ ಮುಸ್ಯಾಕ್ಕ ಕೈ ಮುಗಿಯೋರೂ ಅದಾರ, ತೊಗರಿ ಕಾಯಿ ಹಿಡಿಯೋ ಹೊತ್ತಿಗೆ ಕಲ್ಲು ಬೀಸೋರೂ ಅದಾರ. ಭಾಳ ಮಂದಿ ಎರಡೂ ಮಾಡ್ತಾರ.

ಆದರೆ ಈ ಮುಸ್ಯಾದ ಮನಿ-ಸಂಸಾರ ಹ್ಯಾಂಗ ನಡೀತದ ಅನ್ನೋದರ ಮೇಲೆ ಜಗತ್ತಿನ ವಿಜ್ಞಾನಿಗಳು ಮೂವತ್ತು-ನಲವತ್ತು ವರ್ಷ ಜಗಳ ಆಡ್ಯಾರ. ಆ ಜಗಳ ಹುಟ್ಟಿದ್ದು ಲಂಡನ್ನಿನಾಗ ಅಲ್ಲ, ಅಮೆರಿಕದಾಗ ಅಲ್ಲ. ನಮ್ಮ ಧಾರವಾಡದಾಗ. ಸ್ವೈಪ್ ಮಾಡ್ರಿ.

2/11
ಮೊದಲು ಸ್ವಲ್ಪ ಜಪಾನಿಗೆ ಹೋಗಿ ಬರೋಣ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1948ರ ಸುಮಾರಿಗೆ, ಕ್ಯೋಟೋ ವಿಶ್ವವಿದ್ಯಾಲಯದ ಕಿಂಜಿ ಇಮಾನಿಶಿ ಮತ್ತು ಅವರ ಶಿಷ್ಯರು ತಮ್ಮ ದೇಶದ ಕಾಡುಕೋತಿಗಳನ್ನು ನೋಡಲು ಶುರು ಮಾಡಿದರು. ಅವರ ಪದ್ಧತಿ ಬ್ಯಾರೇನೇ ಇತ್ತು. ಹಿಂಡಿನ ಪ್ರತಿಯೊಂದು ಕೋತಿಯನ್ನೂ ಮುಖ ನೋಡಿ ಗುರುತು ಹಿಡಿಯಬೇಕು, ಒಂದೊಂದಕ್ಕೂ ಹೆಸರೋ ನಂಬರೋ ಕೊಡಬೇಕು, ಯಾರ ತಾಯಿ ಯಾರು, ಯಾರು ಯಾರಿಗೆ ಹೆದರ್ತಾರ ಅಂತ ವರ್ಷಗಟ್ಟಲೆ ಬರೆದಿಡಬೇಕು. ಆವತ್ತಿನ ಪಾಶ್ಚಾತ್ಯ ವಿಜ್ಞಾನಿಗಳಿಗೆ ಇದು ಹುಡುಗಾಟ ಅನ್ನಿಸಿತು. ಪ್ರಾಣಿಗೆ ಹೆಸರಿಟ್ಟರೆ ಅದನ್ನ ಮನುಷ್ಯ ಅಂತ ನೋಡಿದಂಗ ಆಗ್ತದ, ಅದು ವಿಜ್ಞಾನ ಅಲ್ಲ ಅಂತ ಅವರ ವಾದ.

ಆದರೆ ಇದೇ ಪದ್ಧತಿಯಿಂದಲೇ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಇಮೋ ಅನ್ನೋ ಸಣ್ಣ ಹೆಣ್ಣುಕೋತಿ ಗೆಣಸಿನ ಮಣ್ಣನ್ನು ನೀರಿನಾಗ ತೊಳೆದು ತಿನ್ನೋದು ಶುರು ಮಾಡಿತು, ಅದನ್ನ ನೋಡಿ ಉಳಿದವೂ ಕಲಿತವು ಅಂತ ಗೊತ್ತಾಯಿತು. ಹೆಸರೇ ಇಡದಿದ್ದರೆ ಯಾರು ಮೊದಲು ತೊಳೆದರು, ಯಾರು ಯಾರಿಂದ ಕಲಿತರು ಅಂತ ಹೇಳೋದು ಹ್ಯಾಂಗ ಸಾಧ್ಯ? ಖಾತೆಗೆ ಹೆಸರಿಲ್ಲದೆ ಲೆಡ್ಜರ್ ಬರೆದಂಗ ಆಗ್ತಿತ್ತು.

1956ರಲ್ಲಿ ಜಪಾನ್ ಮಂಕಿ ಸೆಂಟರ್ ಶುರುವಾಯಿತು. ಮರುವರ್ಷ 'ಪ್ರೈಮೇಟ್ಸ್' ಅನ್ನೋ ಪತ್ರಿಕೆ ಬಂತು. ಆಮ್ಯಾಲೆ ಅವರ ಕಣ್ಣು ಹೊರದೇಶದ ಕಡೆ ಬಿತ್ತು.

3/11
1961. ಆಗ ನಮ್ಮ ರಾಜ್ಯಕ್ಕ 'ಕರ್ನಾಟಕ' ಅನ್ನೋ ಹೆಸರು ಇನ್ನೂ ಬಂದಿರಲಿಲ್ಲ, ಅದು ಬಂದಿದ್ದು 1973ರಲ್ಲಿ. ಹೈದರಾಬಾದ್ ಕಡೆಯಿಂದ ನಾವು, ಮುಂಬೈ ಕಡೆಯಿಂದ ಧಾರವಾಡದೋರು ಒಂದೇ ಮೈಸೂರು ರಾಜ್ಯಕ್ಕ ಸೇರಿ ಐದೇ ವರ್ಷ ಆಗಿತ್ತು.

ಆ ವರ್ಷ ಭಾರತ-ಜಪಾನ್ ಜಂಟಿ ಯೋಜನೆಯಾಗ ಯುಕಿಮಾರು ಸುಗಿಯಾಮಾ ಧಾರವಾಡಕ್ಕ ಬಂದರು. ಹುಟ್ಟಿದ್ದು 1935ರಲ್ಲಿ, ಅಂದ್ರ ಆಗ 26ರ ಹುಡುಗ. ನಮಗಿಂತ ಐದಾರು ವರ್ಷ ದೊಡ್ಡವರು ಅಷ್ಟೇ. ಜೋಡಿ ಕೆಲಸ ಮಾಡಿದವರು ಕೆಂಜಿ ಯೋಶಿಬಾ ಮತ್ತು ಭಾರತದ ಎಂ. ಡಿ. ಪಾರ್ಥಸಾರಥಿ.

ಧಾರವಾಡ ಅಂದ್ರ ಗೊತ್ತಲ್ಲ, ಬಯಲುಸೀಮೆ ಮುಗಿದು ಮಲೆನಾಡು ಶುರುವಾಗೋ ಅಂಚು. ಪಶ್ಚಿಮಕ್ಕ ಹೋದಂಗೆಲ್ಲ ಕಾಡು ದಟ್ಟ ಆಗ್ತದ. ಆ ಕಡೆಯ ಕಾಡಿನಾಗ, ರಸ್ತೆ ಬದಿಯಾಗ, ಹೊಲದ ಅಂಚಿನಾಗ ಮುಸ್ಯಾಗಳು ಹೇರಳ. ಎರಡು ವರ್ಷ ಅವರು ಹಿಂಡಿನ ಹಿಂದೆ ನಡೆದರು. ಹಿಂಡಿಗೊಂದು ನಂಬರು, ಮುಖ್ಯವಾದ ಪ್ರಾಣಿಗಳಿಗೆ ಗುರುತು.

4/11
ಅವರು ಕಂಡ ಸಂಸಾರ ಹಿಂಗಿತ್ತು.

ಹೆಚ್ಚಿನ ಹಿಂಡುಗಳಲ್ಲಿ ದೊಡ್ಡ ಗಂಡು ಒಂದೇ. ಅದರ ಜೋಡಿ ಹಲವು ಹೆಣ್ಣು, ಅವುಗಳ ಮರಿ. ಹಿಂಡಿನ ಸರಾಸರಿ ಲೆಕ್ಕ ಹದಿನೈದರ ಆಸುಪಾಸು. ಹೆಣ್ಣುಗಳು ಹುಟ್ಟಿದ ಹಿಂಡಿನಾಗೇ ಉಳೀತಾವ. ಅಜ್ಜಿ, ಅವ್ವ, ಮಗಳು, ಚಿಕ್ಕಮ್ಮ ಎಲ್ಲಾ ಒಂದೇ ಜಾಗದಾಗ. ಗಂಡು ಮಾತ್ರ ಬೆಳೆದ ಮೇಲೆ ಮನಿ ಬಿಡಬೇಕು. ಹಂಗ ಬಿಟ್ಟ ಗಂಡುಗಳು ಸೇರಿ ಬರೀ ಗಂಡಸರ ಗುಂಪು ಕಟ್ಟಿಕೊಂಡು ತಿರುಗ್ತಾವ. ಬ್ಯಾಚುಲರ್ ರೂಮ್ ಅನ್ಕೊಳ್ರಿ.

ಹಿಂಡಿನ ಒಳಗ ಜೀವನ ಭಾಳ ಶಾಂತ. ಎಲೆ, ಚಿಗುರು, ಹೂ, ಕಾಯಿ ತಿನ್ನೋದು. ಒಂದರ ಮೈಯಿಂದ ಇನ್ನೊಂದು ಹೇನು-ಹೊಟ್ಟು ಆರಿಸೋದು. ಇದು ಬರೀ ಸ್ವಚ್ಛತೆ ಅಲ್ಲ, ಕೈ ಮುಟ್ಟಿ ಸಂಬಂಧ ಉಳಿಸ್ಕೊಳ್ಳೋ ಮಾರ್ಗ. ಅವ್ವ ಮಗಳ ತಲಿ ಬಾಚಿ ಹೇನು ತೆಗೆಯೋ ಹೊತ್ತಿನಾಗ ಎಷ್ಟು ಮಾತು ಆಗ್ತಾವ, ನೆನಪು ಮಾಡ್ಕೊಳ್ರಿ.

ಮರಿ ಹುಟ್ಟಿದಾಗ ಮೈಕೂದಲು ಕಡುಗಪ್ಪು, ದೊಡ್ಡವರ ಬೂದಿ ಬಣ್ಣಕ್ಕ ತದ್ವಿರುದ್ಧ. ದೂರದಿಂದಲೇ ಕಣ್ಣಿಗೆ ಹೊಡೀತದ. ಆ ಕಪ್ಪು ಮರಿ ಅಂದ್ರ ಹಿಂಡಿನ ಎಲ್ಲಾ ಹೆಣ್ಣುಗಳಿಗೂ ಜೀವ. ಹುಟ್ಟಿದ ಒಂದೆರಡು ದಿನದಾಗೇ ಒಂದರ ಕೈಯಿಂದ ಇನ್ನೊಂದರ ಕೈಗೆ ಹೋಗ್ತದ. ಹಡೆದ ತಾಯಿ ಆ ಹೊತ್ತಿನಾಗ ಆರಾಮ ಕೂತು ಎಲೆ ತಿಂತದ. ನಮ್ಮ ಕಡೆ ಬಾಣಂತನಕ್ಕ ತವರುಮನಿಗೆ ಹೋಗೋದು ಇದಕ್ಕಿಂತ ಬ್ಯಾರೆ ಅಲ್ಲ.

ಇಷ್ಟೇ ಆಗಿದ್ದರೆ ಈ ಕತಿ ಇಲ್ಲಿಗೇ ಮುಗೀತಿತ್ತು.

5/11
1962ರ ಬೇಸಿಗೆಯ ಕೊನೆ. ಏಳು ಗಂಡುಗಳ ಒಂದು ಗುಂಪು 30ನೇ ನಂಬರಿನ ಹಿಂಡಿನ ಮೇಲೆ ಬಿತ್ತು. ಅಲ್ಲಿದ್ದ ಹಳೆಯ ಗಂಡನ್ನು ಕಚ್ಚಿ ಓಡಿಸಿತು. ಆಮ್ಯಾಲೆ ಆ ಏಳರಾಗ ಒಂದು ಗಂಡು ತನ್ನ ಜೋಡಿ ಬಂದ ಆರನ್ನೂ ಓಡಿಸಿ ತಾನೊಬ್ಬನೇ ಯಜಮಾನ ಆಯಿತು.

ನಾವು ಕಾರ್ಪೊರೇಟ್ ಅಕೌಂಟಿಂಗಿನಾಗ ಟೇಕ್‌ಓವರ್ ಅಂತ ಓದ್ತೀವಲ್ಲ, ಮುಸ್ಯಾಗಳ ಮೇಲೆ ಬರೆಯೋ ವಿಜ್ಞಾನಿಗಳೂ ಇದಕ್ಕ ಅದೇ ಪದ ಬಳಸ್ತಾರ.

ಅದರ ಮುಂದಿನದು ಯಾರೂ ಊಹಿಸಿರಲಿಲ್ಲ. ಹೊಸ ಗಂಡು ಹಿಂಡಿನ ಮರಿಗಳನ್ನ ಒಂದೊಂದಾಗಿ ಕಚ್ಚಿತು. ತಾಯಿಯ ಎದೆಗೆ ಅವಚಿಕೊಂಡಿದ್ದ ಮರಿಗಳನ್ನೂ ಬಿಡಲಿಲ್ಲ. ಕೆಲವು ದಿನಗಳಾಗ ಮರಿಗಳು ಸತ್ತವು, ಇಲ್ಲವೇ ಕಾಣೆಯಾದವು. ಮರಿ ಕಳಕೊಂಡ ತಾಯಂದಿರು ಸ್ವಲ್ಪ ದಿನಕ್ಕೇ ಮತ್ತೆ ಬೆದೆಗೆ ಬಂದು ಆ ಹೊಸ ಗಂಡಿನ ಜೋಡಿಯೇ ಕೂಡಿದವು.

ಓದಿ ಹೊಟ್ಟ್ಯಾಗ ಸಂಕಟ ಆಯ್ತಲ್ಲ? ಆ ಹಿಂಡಿನ ಹಿಂದೆ ನಡೆದು ಮರಿಗಳನ್ನ ನೋಡಿದ ಮನುಷ್ಯನಿಗೆ ಹ್ಯಾಂಗಾಗಿರಬೇಕು, ನೀವೇ ಯೋಚನೆ ಮಾಡ್ರಿ.

6/11
ಒಂದು ಸಲ ಆಗಿದ್ದು ಅಪಘಾತ ಇರಬಹುದು. ಹಂಗಾಗಿ ಸುಗಿಯಾಮಾ ಒಂದು ಪ್ರಯೋಗ ಮಾಡಿದರು. ಇದನ್ನ ನೆನಪಿಟ್ಟುಕೊಳ್ರಿ, ಕೊನೆಯ ಕ್ಯಾಪ್ಷನ್ನಿಗೆ ಬೇಕಾಗ್ತದ.

ಒಂದೇ ಗಂಡು ಇದ್ದ ಬೇರೊಂದು ಹಿಂಡಿನಿಂದ ಆ ಗಂಡನ್ನು ಬೇಕಂತಲೇ ತೆಗೆದರು. ಯಾರೂ ದಾಳಿ ಮಾಡಿರಲಿಲ್ಲ, ಜಗಳ ಇರಲಿಲ್ಲ, ಹೊಟ್ಟಿಗೆ ಕೊರತೆ ಇರಲಿಲ್ಲ. ಬರೀ ಒಂದು ಪ್ರಾಣಿ ಕಡಿಮೆ ಆಯಿತು, ಅಷ್ಟೇ.

ಹೊರಗಿನ ಗಂಡು ಆ ಖಾಲಿ ಜಾಗಕ್ಕ ಬಂತು. ಮರಿಗಳನ್ನ ಕಚ್ಚಿ ಕೊಂದಿತು.

ಮೊದಲ ಘಟನೆಯ ವರದಿ 1965ರಲ್ಲಿ, ಈ ಪ್ರಯೋಗದ ವರದಿ 1966ರಲ್ಲಿ 'ಪ್ರೈಮೇಟ್ಸ್' ಪತ್ರಿಕೆಯಲ್ಲಿ ಅಚ್ಚಾದವು. ಹಿಂಗ ಧಾರವಾಡ ಅನ್ನೋ ಹೆಸರು ಜಗತ್ತಿನ ಪ್ರಾಣಿಶಾಸ್ತ್ರದೊಳಗ ಹೊಕ್ಕಿತು. ನಮಗ ಧಾರವಾಡ ಅಂದ್ರ ಪೇಡೆ, ಬೇಂದ್ರೆ ಅಜ್ಜ, ಹಿಂದುಸ್ತಾನಿ ಸಂಗೀತ. ಅವರಿಗೆ ಧಾರವಾಡ ಅಂದ್ರ ಮುಸ್ಯಾ.

7/11
ಜಗತ್ತು ನಂಬಿತೇ? ಇಲ್ಲ.

ಯಾಕಂದ್ರ ಅದಕ್ಕೂ ಮೊದಲು, 1958ರಿಂದ 1960ರವರೆಗೆ, ಅಮೆರಿಕದ ಫಿಲಿಸ್ ಜೇ ಉತ್ತರ ಪ್ರದೇಶದ ಕೌಕೋರಿ ಮತ್ತು ಈಗ ಛತ್ತೀಸಗಡದಲ್ಲಿರುವ ಓರ್ಛಾದಲ್ಲಿ ಇದೇ ಜಾತಿಯ ಕೋತಿಗಳನ್ನ ನೋಡಿದ್ದರು. ಅಲ್ಲಿ ಒಂದೇ ಹಿಂಡಿನಾಗ ಹಲವು ಗಂಡುಗಳಿದ್ದವು, ಬದುಕು ಶಾಂತವಾಗಿತ್ತು. ಪ್ರಾಣಿಗಳ ಸಮಾಜ ಅಂದ್ರ ಎಲ್ಲರೂ ಗುಂಪಿನ ಒಳ್ಳೆಯದಕ್ಕಾಗಿ ನಡೆಯೋ ವ್ಯವಸ್ಥೆ ಅಂತ ಆವತ್ತಿನ ನಂಬಿಕೆ. ತನ್ನದೇ ಜಾತಿಯ ಮರಿ ಕೊಲ್ಲೋದರಿಂದ ಗುಂಪಿಗೆ ಏನು ಲಾಭ?

ಹಂಗಾಗಿ ಧಾರವಾಡದ್ದು ರೋಗ ಅಂದರು. ಅಲ್ಲಿ ಕೋತಿಗಳ ದಟ್ಟಣೆ ಜಾಸ್ತಿ, ಮನುಷ್ಯರ ಕಾಟ ಜಾಸ್ತಿ, ಒತ್ತಡಕ್ಕ ತಲಿ ಕೆಟ್ಟು ಹಿಂಗ ಮಾಡ್ಯಾವ ಅಂದರು. ಆಮ್ಯಾಲೆ 1971ರಲ್ಲಿ ಜೋಧಪುರದಿಂದ ಎಸ್. ಎಂ. ಮೋಹ್ನೋತ್ ಅನ್ನೋ ಭಾರತೀಯ ವಿಜ್ಞಾನಿ ಅದೇ ಥರದ ವರದಿ ಬರೆದರು. ಒಂದೇ ಊರಿನ ಹುಚ್ಚು ಅಂತ ತಳ್ಳಿಹಾಕೋದು ಕಷ್ಟ ಆಯಿತು.

8/11
ಅದೇ 1971ರಲ್ಲಿ ಹಾರ್ವರ್ಡಿನ ವಿದ್ಯಾರ್ಥಿನಿ ಸಾರಾ ಹ್ರಡಿ ರಾಜಸ್ಥಾನದ ಮೌಂಟ್ ಅಬುಗೆ ಬಂದರು. ದಟ್ಟಣೆ ಹೆಚ್ಚಾದರೆ ಮುಸ್ಯಾಗಳ ತಲಿ ಕೆಡ್ತದ ಅನ್ನೋದನ್ನ ಪರೀಕ್ಷೆ ಮಾಡೋಣ ಅಂತಲೇ ಬಂದವರು. 1975ರವರೆಗೆ ಹಲವು ಸಲ ಬಂದು ನೋಡಿದರು. ಕಂಡದ್ದು ಬ್ಯಾರೆ. ಮರಿ ಸಾಯೋದು ದಟ್ಟಣೆ ಹೆಚ್ಚಾದಾಗ ಅಂತಲ್ಲ, ಹೊರಗಿನ ಗಂಡು ಬಂದಾಗ.

ಅವರ ತರ್ಕವನ್ನ ನಮ್ಮ ಬಿಕಾಂ ಭಾಷೆಯಾಗ ಹೇಳ್ತೀನಿ. ಒಂದು ಗಂಡಿಗೆ ಹಿಂಡಿನ ಯಜಮಾನಿಕೆ ಸಿಗೋದು ಸರಾಸರಿ ಎರಡು ವರ್ಷದ ಆಸುಪಾಸು, ಅಂದ್ರ 24 ತಿಂಗಳ ಲೀಸ್. ಮುಸ್ಯಾದ ಗರ್ಭ ಸುಮಾರು 200 ದಿನ, ಏಳು ತಿಂಗಳಿಗೆ ಸ್ವಲ್ಪ ಕಡಿಮೆ. ಮರಿಗೆ ಹಾಲು ಕುಡಿಸೋ ತಾಯಿ ಬೆದೆಗೆ ಬರೋದಿಲ್ಲ. ಅಂದಾಜು ಒಂದು ವರ್ಷ ಕಾದು, ಆಮ್ಯಾಲೆ ಏಳು ತಿಂಗಳು ಗರ್ಭ ಅಂದ್ರ 19 ತಿಂಗಳು ಹೋಯಿತು. ತನ್ನ ಮರಿ ಐದು ತಿಂಗಳದ್ದು ಇರುವಾಗಲೇ ಮುಂದಿನ ಗಂಡು ಬಾಗಿಲಿಗೆ ಬಂದಿರ್ತದ. ಬೇರೆಯವರ ಮರಿಗಾಗಿ ಕಾದ ಗಂಡಿನ ವಂಶ ಉಳಿಯೋದಿಲ್ಲ, ಕಾಯದೆ ಕೊಂದ ಗಂಡಿನ ವಂಶ ಉಳೀತದ. ಯಾವ ಗಂಡೂ ಕೂತು ಹಿಂಗ ಲೆಕ್ಕ ಹಾಕೋದಿಲ್ಲ. ಸಾವಿರಾರು ತಲೆಮಾರಿನ ಆಯ್ಕೆ ಆ ಲೆಕ್ಕ ಹಾಕಿಟ್ಟದ.

ಗುಂಪಿನ ಒಳ್ಳೆಯದು ಅನ್ನೋ ಸುಂದರ ನಂಬಿಕೆ ಇಲ್ಲಿ ಬಿರುಕು ಬಿಟ್ಟಿತು.

9/11
ಆದರೆ ಹ್ರಡಿಯವರ ದೊಡ್ಡ ಕೆಲಸ ಇದಲ್ಲ ಅಂತ ನನ್ನ ಅಭಿಪ್ರಾಯ. ಅಲ್ಲಿತನಕ ಎಲ್ಲರೂ ಗಂಡು ಏನು ಮಾಡ್ತದ ಅಂತ ನೋಡಿದ್ದರು. ಇವರು ಹೆಣ್ಣು ಏನು ಮಾಡ್ತದ ಅಂತ ಕೇಳಿದರು. ಅವರ 1977ರ ಪುಸ್ತಕ 'ದಿ ಲಂಗೂರ್ಸ್ ಆಫ್ ಅಬು'. ಅದರ ಉಪಶೀರ್ಷಿಕೆಯಾಗ ಹೆಣ್ಣಿನ ಹೆಸರು ಮೊದಲು, ಗಂಡಿನದು ಆಮ್ಯಾಲೆ.

ಹೆಣ್ಣು ಸುಮ್ಮನೆ ಕೂಡೋದಿಲ್ಲ ರೀ. ಅಬುದಾಗ ಸೋಲ್ ಅಂತ ಹೆಸರಿಟ್ಟ ಒಂದು ಮುದಿ ಹೆಣ್ಣು ಇತ್ತು. ಹಡೆಯೋ ವಯಸ್ಸು ದಾಟಿತ್ತು. ಹಿಂಡಿನಾಗ ಅದಕ್ಕ ಹೇಳಿಕೊಳ್ಳೋ ಸ್ಥಾನ ಇರಲಿಲ್ಲ. ಆದರೆ ಕೊಲ್ಲಲು ಬಂದ ಗಂಡಿನ ಮೇಲೆ ಎರಗಿ ಮರಿ ಉಳಿಸಲು ಹೊಡೆದಾಡಿದ್ದು ಅದೇ ಮುದುಕಿ. ನಮ್ಮ ಆಯಿಗಳ ನೆನಪು ಬಂತಿಲ್ಲೋ?

ಇನ್ನೊಂದು ಉಪಾಯ ಇನ್ನೂ ಸೂಕ್ಷ್ಮ. ಕೆಲವು ಜಾತಿಯ ಕೋತಿಗಳಲ್ಲಿ ಹೆಣ್ಣು ಬೆದೆಗೆ ಬಂದಾಗ ಹಿಂಭಾಗ ಊದಿ ಕೆಂಪಾಗ್ತದ, ದೂರದಿಂದಲೇ ಕಾಣ್ತದ. ಮುಸ್ಯಾದಾಗ ಹಂಗ ಇಲ್ಲ. ಇಲ್ಲಿ ಹೆಣ್ಣು ತಾನೇ ಗಂಡಿನ ಹತ್ತಿರ ಹೋಗಿ ತಲಿ ಗಡಗಡ ಅಲುಗಾಡಿಸಿ, ಬೆನ್ನು ತೋರಿಸಿ ಇಷ್ಟ ತಿಳಿಸ್ತದ. ಅಂದ್ರ ಸೂಚನೆ ಕೊಡೋದು, ಬಿಡೋದು ಅದರ ಕೈಯಾಗ. ಹಂಗಾಗಿ ಈಗಾಗಲೇ ಬಸುರಿ ಆದ ಹೆಣ್ಣು ಕೂಡ ಹೊಸ ಗಂಡಿಗೆ ಅದೇ ಸೂಚನೆ ಕೊಟ್ಟು ಕೂಡೋದನ್ನ ಹ್ರಡಿ ಕಂಡರು. ಅವರ ವಿವರಣೆ: ಮುಂದೆ ಹುಟ್ಟೋ ಮರಿ ತನ್ನದೇ ಇರಬಹುದು ಅಂತ ಗಂಡಿಗೆ ಅನುಮಾನ ಇದ್ದರೆ, ಅದು ಆ ಮರಿಗೆ ಕೈ ಹಚ್ಚೋದಿಲ್ಲ.

ಹೆಣ್ಣು ಅಂದ್ರ ಕಾಯ್ತಾ ಕೂಡೋದು, ಗಂಡು ಅಂದ್ರ ಆಯ್ಕೆ ಮಾಡೋದು ಅನ್ನೋ ಪಾಠ ಎಷ್ಟೋ ಪುಸ್ತಕದಾಗ ಇತ್ತು. ಮುಸ್ಯಾದ ಹೆಣ್ಣು ಅದನ್ನ ಅಳಿಸಿ ಬರೀತು. ನಮ್ಮ ಕ್ಲಾಸಿನ ಹುಡುಗ್ಯಾರೆ, ಈ ಸ್ಲೈಡ್ ಸೇವ್ ಮಾಡ್ಕೊಳ್ರಿ.

10/11
ಜಗಳ ಇಲ್ಲಿಗೂ ನಿಲ್ಲಲಿಲ್ಲ. ಫಿಲಿಸ್ ಜೇ, ಮದುವೆ ಆದ ಮೇಲೆ ಫಿಲಿಸ್ ಡಾಲ್ಹಿನೋ, ಕೊನೆತನಕ ಒಪ್ಪಲಿಲ್ಲ. ಕಣ್ಣಾರೆ ಕಂಡ ಕೊಲೆಗಳು ಕಡಿಮೆ, ಕಾಣೆಯಾದ ಮರಿಗಳನ್ನೆಲ್ಲ ಆ ಲೆಕ್ಕಕ್ಕ ಸೇರಿಸ್ತೀರಿ ಅನ್ನೋದು ವಿರೋಧಿಗಳ ತಕರಾರು. ಇದು ಮೂರ್ಖ ಪ್ರಶ್ನೆ ಅಲ್ಲ. ವೋಚರ್ ಇಲ್ಲದ ಎಂಟ್ರಿಯನ್ನ ಆಡಿಟರ್ ಒಪ್ಪೋದಿಲ್ಲವಲ್ಲ, ಹಂಗ.

ವೋಚರ್ ಸಿಕ್ಕಿದ್ದು 1999ರಲ್ಲಿ. ಕರೋಲಾ ಬೋರೀಸ್ ಮತ್ತು ಜೊತೆಗಾರರು ನೇಪಾಳದ ರಾಮನಗರದ ಕಾಡಿನ ಲಂಗೂರ್‌ಗಳ ಡಿಎನ್ಎ ಪರೀಕ್ಷೆ ಪ್ರಕಟಿಸಿದರು. ಆ ಕಾಡಿನಾಗ ಯಾರೂ ಅವಕ್ಕ ಬಾಳೆಹಣ್ಣು, ಕಡಲಿ ಹಾಕ್ತಿರಲಿಲ್ಲ. ಮರಿಗಳ ಮೇಲೆ ಬಿದ್ದ ಗಂಡುಗಳು ಆ ಮರಿಗಳ ತಂದೆ ಆಗಿರಲಿಲ್ಲ. ಅದೇ ತಾಯಿಗೆ ಮುಂದೆ ಹುಟ್ಟಿದ ಮರಿಗೆ ಅವು ತಂದೆ ಆಗಿರಬಹುದಿತ್ತು. ಧಾರವಾಡದಾಗ ಒಬ್ಬ ಹುಡುಗ ಕಂಡದ್ದು ಹುಚ್ಚಲ್ಲ ಅಂತ ಸಾಬೀತಾಗಲು ಮೂವತ್ತೇಳು ವರ್ಷ ಬೇಕಾಯಿತು.

ಸುಗಿಯಾಮಾ ಮುಂದೆ ಆಫ್ರಿಕಾದ ಗಿನಿ ದೇಶಕ್ಕ ಹೋಗಿ 1976ರಿಂದ ಬೊಸ್ಸೌ ಚಿಂಪಾಂಜಿಗಳ ಅಧ್ಯಯನ ಶುರು ಮಾಡಿದರು. ಕಲ್ಲಿನಿಂದ ಕಾಯಿ ಒಡೆಯೋ ಆ ಚಿಂಪಾಂಜಿಗಳು ಇವತ್ತು ಜಗತ್ಪ್ರಸಿದ್ಧ.

ನಮ್ಮ ರಾಜ್ಯದಾಗ ಕೋತಿಗಳ ಅಧ್ಯಯನ ನಿಂತಿಲ್ಲ. ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗದ ಮೇವಾ ಸಿಂಗ್ ಸಿಂಗಳೀಕ, ಮಂಗ, ಕಾಡುಪಾಪಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡ್ಯಾರ. ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ ದಕ್ಷಿಣ ಭಾರತದ ಮಂಗಗಳಿಗೆ ಚಿರತೆಯ ಬೊಂಬೆ ತೋರಿಸಿ ನೋಡಿದರು. ಕರಿ ಚಿರತೆಗಿಂತ ಚುಕ್ಕಿ ಚಿರತೆ ಕಂಡಾಗ ಬೇಗ ಓಡ್ತಾವ, ಅಂದ್ರ ಆ ಚುಕ್ಕಿಯೇ ಅವುಗಳ ಕಣ್ಣಿಗೆ ಗುರುತು. 2018ರಲ್ಲಿ ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ, ಅನಿಂದ್ಯ ಸಿನ್ಹಾ ಬರೆದದ್ದು ಇನ್ನೂ ಮಜಾ ಅದ. ಬಂಡೀಪುರದ ಮಂಗಗಳು ಪ್ರವಾಸಿಗರ ಮುಂದೆ ಕೂಗಿ, ಕೈ ಚಾಚಿ ತಿನ್ನೋದು ಕೇಳ್ತಾವ. ಆ ಮನುಷ್ಯ ತನ್ನ ಕಡೆ ಗಮನ ಕೊಡ್ತಾನೋ ಇಲ್ಲೋ ಅಂತಲೂ ನೋಡ್ಕೋತಾವ. ನಾವು ಹಾಕಿದ ಚಿಪ್ಸ್ ಪ್ಯಾಕೆಟ್ ಅವಕ್ಕ ಹೊಸ ಭಾಷೆ ಕಲಿಸ್ಯದ.

11/11
ಈಗ ನಮ್ಮೂರಿಗೆ ಬರೋಣ. ಇದನ್ನ ಬರೀಲಿಕ್ಕೆ ಕಾರಣ ಇದೇ.

ಊರಾಗ ಮುಸ್ಯಾದ ಕಾಟ ಜಾಸ್ತಿ ಆದಾಗ ಕಟ್ಟಿ ಮ್ಯಾಲ ಕೂತ ಹಿರಿಯರ ಮಾತು ಒಂದೇ: "ಆ ದೊಡ್ಡದನ್ನ ಹಿಡಿದು ದೂರ ಬಿಟ್ಟು ಬರ್ರಿ, ಉಳಿದವು ತಾನೇ ಹೋಗ್ತಾವ." ತೊಗರಿ ಹಾಳಾದ ರೈತನ ಸಿಟ್ಟು ಸುಳ್ಳಲ್ಲ. ಸಾಲ ಮಾಡಿ ಬಿತ್ತಿದವನಿಗೆ ಒಂದು ಸಾಲು ಹೋದರೂ ಹೊಟ್ಟಿ ಉರೀತದ. ಅವರಿಗೆ ನೀತಿಪಾಠ ಹೇಳೋ ಅಧಿಕಾರ ನಮಗಿಲ್ಲ.

ಆದರೆ ಆರನೇ ಕ್ಯಾಪ್ಷನ್ ನೆನಪು ಮಾಡ್ಕೊಳ್ರಿ. ದೊಡ್ಡ ಗಂಡನ್ನ ತೆಗೆದರೆ ಏನಾಗ್ತದ ಅಂತ ಧಾರವಾಡದಾಗ ಆಗಲೇ ನೋಡಿ ಆಗ್ಯದ. ಹಿಂಡು ಎಲ್ಲೂ ಹೋಗೋದಿಲ್ಲ, ಹೆಣ್ಣುಗಳು ಹುಟ್ಟಿದ ಜಾಗ ಬಿಡೋದಿಲ್ಲ. ಖಾಲಿ ಕುರ್ಚಿಗೆ ಹೊಸ ಗಂಡು ಬರ್ತದ. ಎದೆಗೆ ಅವಚಿದ ಕಪ್ಪು ಮರಿಗಳ ಜೀವಕ್ಕ ಅಪಾಯ ಬರ್ತದ. ಆಮ್ಯಾಲೆ ಮರಿ ಕಳಕೊಂಡ ಹೆಣ್ಣುಗಳು ಬೇಗ ಮತ್ತೆ ಹಡೀತಾವ. ಹಿಂಡೂ ಉಳೀತು, ಕಾಟವೂ ಉಳೀತು, ನಡುವೆ ಮರಿಗಳು ಹೋದವು. ಯಾರಿಗೆ ಲಾಭ ಆಯಿತು ಈ ವ್ಯವಹಾರದಾಗ? ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಪ್ರಾಣಿಗೆ ರಕ್ಷಣೆ ಕೊಟ್ಟದ. ನಾವೇ ಬಲೆ ಹಾಕಿ ಹಿಡಿಯೋದು ಅಪರಾಧ. ಕಾಟ ಇದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಡ್ರಿ, ಗುಡಿ ಮುಂದೆ, ಬಸ್ ಸ್ಟ್ಯಾಂಡಿನಾಗ ತಿನಿಸು ಹಾಕೋದು ನಿಲ್ಲಿಸ್ರಿ. ಕೈಯಿಂದ ತಿಂದು ರೂಢಿ ಆದದ್ದೇ ನಾಳೆ ಅಡಿಗಿಮನಿಗೆ ಬರ್ತದ.

ಇನ್ನೊಂದು ಮಾತು. ಕಾಮೆಂಟಿನಾಗ ಯಾರರೆ "ನೋಡ್ರಿ, ನಿಸರ್ಗದಾಗೇ ಹಿಂಗದ, ಗಂಡು ಅಂದ್ರ ಹಿಂಗೇ" ಅಂತ ಬರೆಯೋರು ಇರ್ತೀರಿ. ಮುಸ್ಯಾ ಏನು ಮಾಡ್ತದ ಅನ್ನೋದು ತಿಳಿವಳಿಕೆ, ನಮಗ ಅದು ಪರವಾನಗಿ ಅಲ್ಲ. ನಿಸರ್ಗದಿಂದಲೇ ಕಲೀಬೇಕು ಅಂದ್ರ ಗಂಡನ್ನ ಒಂದೇ ನೋಡಬ್ಯಾಡ್ರಿ. ಮರಿಗಾಗಿ ಎದ್ದು ನಿಂತ ಆ ಮುದುಕಿ ಸೋಲ್ ಕೂಡ ನಿಸರ್ಗನೇ.

ನಾಳೆ ಮಾಳಿಗಿ ಮ್ಯಾಲ ಹಿಂಡು ಬಂದರೆ ಕಲ್ಲು ಎತ್ತೋ ಮೊದಲು ಐದು ನಿಮಿಷ ನೋಡ್ರಿ. ದೊಡ್ಡ ಗಂಡು ಎಷ್ಟು ಅದಾವ? ಕಪ್ಪು ಮರಿ ಯಾರ ಕೈಯಾಗ ಅದ, ಎಷ್ಟು ಕೈ ಬದಲಾಯ್ತು? ಎಣಿಸಿ, ಊರಿನ ಹೆಸರು ಹಾಕಿ ಕಾಮೆಂಟ್ ಮಾಡ್ರಿ. ಆಳಂದದೋರು ಮೊದಲೋ, ಅಫಜಲಪುರದೋರು ಮೊದಲೋ, ಜೇವರ್ಗಿಯೋರು ಮೊದಲೋ ನೋಡೋಣ.

#ಮುಸ್ಯಾ #ಧಾರವಾಡ #ನಮ್ಮಕಲಬುರಗಿ #ಆಳಂದ #ಅಫಜಲಪುರ #ಜೇವರ್ಗಿ #ಕ್ಯಾಪ್ಷನ್‌ಇತಿಹಾಸ